ಮಧ್ಯದ ಕಂಬ ಹತ್ತಿ ನೋಡು

ಶುಕ್ರವಾರ ರಾತ್ರಿ ಹನ್ನೊಂದೂವರೆ. ಬೆಂಗಳೂರಿನ ವಿಜಯನಗರದಲ್ಲಿ ಮೂರನೇ ಮಹಡಿಯ ರೂಮು. ನಾವು ನಾಲ್ವರು. ಮೂವರು ಕೆಎಎಸ್, ಪಿಎಸ್‌ಐ ಎಂದು ಓದುವವರು, ಅಂದಿನ ಪ್ರಚಲಿತ ವಿದ್ಯಮಾನ ಮುಗಿಸಿ ಮಲಗಿದ್ದರು. ನಾನೊಬ್ಬ ಬಿಸಿಎ ಪದವೀಧರ, ಲ್ಯಾಪ್‌ಟಾಪ್ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದೆ. ಪರದೆಯ ಮೇಲೆ ಒಂದೇ ಸಾಲು: ‘ಕನೆಕ್ಟೆಡ್’. ಅದರ ಕೆಳಗೆ ಮಿಣುಕುವ ಕರ್ಸರ್. ಅರ್ಧ ಗಂಟೆಯಿಂದ ಅದು ಮಿಣುಕುತ್ತಲೇ ಇತ್ತು.

ತಪ್ಪು ನನ್ನದೇ. ರೆಸ್ಯೂಮೆಯಲ್ಲಿ ‘ಸಾಕೆಟ್ ಪ್ರೋಗ್ರಾಮಿಂಗ್ ಗೊತ್ತು’ ಎಂದು ಬರೆದಿದ್ದೆ. ಗೊತ್ತಿದ್ದದ್ದು ಇಷ್ಟೇ: ಕಾಲೇಜಿನಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿ ಬಂದ ಒಂದು ಪ್ರೋಗ್ರಾಮನ್ನು ಲ್ಯಾಬ್‌ನಲ್ಲಿ ಓಡಿಸಿ, ಸೀನಿಯರ್ ರೆಕಾರ್ಡ್ ನೋಡಿ ನನ್ನ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡಿದ್ದೆ. ಗುರುವಾರದ ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಆ ಸಾಲಿನ ಮೇಲೆ ಬೆರಳಿಟ್ಟು ನಕ್ಕರು. “ಒಳ್ಳೇದಾಯ್ತು. ಯಾವ ಫ್ರೇಮ್‌ವರ್ಕೂ ಬೇಡ. ಬರೀ ಸಾಕೆಟ್ ಬಳಸಿ ಒಂದು ಪುಟ್ಟ ವೆಬ್ ಸರ್ವರ್, ಅದನ್ನು ಮಾತಾಡಿಸೋ ಒಂದು ಪುಟ್ಟ ಕ್ಲೈಂಟ್ ಬರ್ಕೊಂಡು ಸೋಮವಾರ ಬನ್ನಿ. ಪುಟದಲ್ಲಿ ನಿಮ್ಮ ಪರಿಚಯ ಇರಲಿ ಸಾಕು.”

ಡಿಗ್ರಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಅಪ್ಪನ ನಿವೃತ್ತಿಗೆ ಒಂದು ವರ್ಷ ಬಾಕಿ, ತಂಗಿ ದ್ವಿತೀಯ ಪಿಯುಸಿ. ರೂಮ್ ಬಾಡಿಗೆಗೆ ಅಪ್ಪ ಹಣ ಹಾಕಿದಾಗಲೆಲ್ಲ ಬರುವ ಮೆಸೇಜಿನ ಸದ್ದಿಗೇ ಮುಖ ಸಣ್ಣದಾಗುತ್ತಿತ್ತು. ಕಾಪಿ ಮಾಡಿದ್ದನ್ನೇ ಮತ್ತೆ ಕಾಪಿ ಮಾಡಬಹುದಿತ್ತು. ಆದರೆ ಅವರು ಒಂದು ಪ್ರಶ್ನೆ ಕೇಳಿದರೆ ಬಾಯಿ ಬಿಡಬೇಕಾಗುತ್ತಿತ್ತು. ಅದಕ್ಕೇ ಸ್ವಂತ ಬರೆಯಲು ಕೂತಿದ್ದೆ.

ಕಟ್ಟಡ ಒಂದು, ಕೌಂಟರ್ ನೂರು

ಸಾಕೆಟ್ ಎಂದರೆ ಭಯಪಡುವಂಥದ್ದೇನಲ್ಲ. ಎರಡು ಪ್ರೋಗ್ರಾಮುಗಳು ನೆಟ್‌ವರ್ಕ್ ಮೂಲಕ ಮಾತಾಡಲು ಇಟ್ಟುಕೊಂಡ ಬಾಗಿಲು ಅದು. 1983ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಬಂದ ಯುನಿಕ್ಸ್ ಆವೃತ್ತಿಯಲ್ಲಿ ಇದು ಜನರ ಕೈಗೆ ಸಿಕ್ಕಿತು. ನಲವತ್ತು ವರ್ಷ ದಾಟಿದರೂ ಹೆಸರುಗಳು ಹೆಚ್ಚುಕಡಿಮೆ ಅವೇ: ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್, ಕನೆಕ್ಟ್. ನಾವು ಪೈಥಾನ್‌ನಲ್ಲಿ ಬರೆದರೂ ಒಳಗೆ ನಡೆಯುವುದು ಅದೇ.

ನಮ್ಮೂರಿನ ನಾಡಕಚೇರಿಯನ್ನು ನೆನೆಸಿಕೊಳ್ಳಿ. ಕಟ್ಟಡದ ವಿಳಾಸ ಐಪಿ ಅಡ್ರೆಸ್. ಒಳಗಿನ ಕೌಂಟರ್ ನಂಬರ್ ಪೋರ್ಟ್. ಪೋರ್ಟ್ ಸಂಖ್ಯೆ 65535ರವರೆಗೆ ಹೋಗುತ್ತದೆ. ವೆಬ್‌ಗೆ ರೂಢಿಯಲ್ಲಿರುವುದು 80, ಬೀಗ ಹಾಕಿದ ವೆಬ್‌ಗೆ 443. ನಮ್ಮಂಥ ಕಲಿಯುವವರು 8080 ಹಿಡಿಯುತ್ತೇವೆ, ಏಕೆಂದರೆ ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನವಕ್ಕೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಕು. ಸರ್ವರ್ ‘ಬೈಂಡ್’ ಮಾಡಿದರೆ ಕೌಂಟರಿಗೆ ಬೋರ್ಡ್ ಹಾಕಿದಂತೆ. ‘ಲಿಸನ್’ ಅಂದರೆ ಶಟರ್ ಎತ್ತಿದಂತೆ. ‘ಆಕ್ಸೆಪ್ಟ್’ ಅಂದರೆ ಬೆಂಚಿನ ಮೇಲೆ ಕೂತವರಲ್ಲಿ ಮುಂದಿನವರನ್ನು ಕರೆದಂತೆ. ಕ್ಲೈಂಟ್ ‘ಕನೆಕ್ಟ್’ ಅಂದರೆ ಬಂದು ಸರದಿಗೆ ಕೂತಂತೆ.

ಇಲ್ಲೊಂದು ಸೂಕ್ಷ್ಮ ಇದೆ. ಅದು ಗೊತ್ತಿಲ್ಲದೆ ನಾನು ಅರ್ಧ ರಾತ್ರಿ ಕಳೆದುಕೊಂಡೆ. ಜನರನ್ನು ಬೆಂಚಿನ ಮೇಲೆ ಕೂರಿಸುವವನು ಗುಮಾಸ್ತನಲ್ಲ, ಕಚೇರಿಯ ಜವಾನ. ಅಂದರೆ ಆಪರೇಟಿಂಗ್ ಸಿಸ್ಟಂ. ಶಟರ್ ಎತ್ತಿದ್ದರೆ ಸಾಕು, ಗುಮಾಸ್ತ ನಿದ್ದೆ ಹೊಡೆಯುತ್ತಿದ್ದರೂ ಜವಾನ ನಿಮ್ಮನ್ನು ಕೂರಿಸುತ್ತಾನೆ. ಕ್ಲೈಂಟ್ ‘ಕನೆಕ್ಟೆಡ್’ ಎನ್ನುತ್ತದೆ. ಆದರೆ ನಿಮ್ಮ ಸರ್ವರ್‌ನ ಕೋಡ್ ನಿಮ್ಮ ಮುಖವನ್ನೇ ನೋಡಿರುವುದಿಲ್ಲ.

ಆ ರಾತ್ರಿ ನಡೆದದ್ದೂ ಅದೇ. ಮೊದಲ ಸಲ ಸರ್ವರ್ ಓಡಿಸಿ, ತಿದ್ದಬೇಕೆನಿಸಿ, ಕಂಟ್ರೋಲ್ ಜೊತೆ ಝಡ್ ಒತ್ತಿದೆ. ನಿಂತಿತು. ಮತ್ತೆ ಓಡಿಸಿದರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದಿತು. ಏನೋ ಇರಬೇಕು ಎಂದು ಸರ್ವರ್‌ನ ಪೋರ್ಟನ್ನು 8081 ಮಾಡಿದೆ. ಓಡಿತು. ಕ್ಲೈಂಟ್ ಓಡಿಸಿದೆ. ‘ಕನೆಕ್ಟೆಡ್’. ಆಮೇಲೆ ಮೌನ. ಸರ್ವರ್‌ನಲ್ಲಿ ಸಾಲು ಸಾಲಿಗೆ ಪ್ರಿಂಟ್ ಹಾಕಿದೆ. ಒಂದೂ ಬರಲಿಲ್ಲ. ಎರಡು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಅಪ್ಪನ ಪಾಠ

ನಮ್ಮಪ್ಪ ಲೈನ್‌ಮನ್. ಈಗ ಪವರ್‌ಮ್ಯಾನ್ ಅಂತಾರೆ, ನಮ್ಮೂರಿನವರ ಬಾಯಲ್ಲಿ ಇಂದಿಗೂ ಲೈನ್‌ಮನ್ನೇ. ಶನಿವಾರ ಬೆಳಿಗ್ಗೆ ಫೋನ್ ಮಾಡಿದಾಗ ಹೊಲದ ನಡುವೆ ಎಲ್ಲೋ ಇದ್ದರು. ಹಿಂದಿನ ದಿನದ ಗಾಳಿಗೆ ಲೈನ್ ಹೋಗಿತ್ತಂತೆ.

“ಯಾಕಪ್ಪ, ದನಿ ಸಣ್ಣಗಾಗೈತಲ್ಲ?”

“ಏನಿಲ್ಲಪ್ಪ. ಒಂದು ಪ್ರೋಗ್ರಾಂ ಬರ್ದಿದೀನಿ. ಆ ಕಡೆಯಿಂದ ಹೋಗುತ್ತೆ, ಈ ಕಡೆಗೆ ಬರಲ್ಲ. ಎಲ್ಲಿ ತೊಂದ್ರೆ ಗೊತ್ತಾಗ್ತಿಲ್ಲ.”

ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ‘ಹೋಗುತ್ತೆ, ಬರಲ್ಲ’ ಎಂಬ ಮಾತು ಅವರಿಗೆ ಹೊಸದಲ್ಲ. “ನಮ್ಗೂ ಅಷ್ಟೇ ಕಣೋ. ಐವತ್ತು ಕಂಬ ಇರ್ತವೆ. ಮೊದಲ್ನೇದ್ರಿಂದ ಒಂದೊಂದೇ ನೋಡ್ಕೊಂಡು ಹೋದ್ರೆ ಸಂಜೆ ಆಗುತ್ತೆ. ಮಧ್ಯದ ಕಂಬದ ಹತ್ರ ಹೋಗಿ ಸ್ವಿಚ್ ತೆಗೀತೀವಿ. ಈ ಅರ್ಧಕ್ಕೆ ಚಾರ್ಜ್ ಕೊಟ್ಟು ನೋಡ್ತೀವಿ. ನಿಂತ್ರೆ ಈ ಕಡೆ ಸರಿ ಐತೆ, ತೊಂದ್ರೆ ಆ ಕಡೆ. ಆಮೇಲೆ ಆ ಅರ್ಧದಾಗೆ ಮತ್ತೆ ಅರ್ಧ. ನೀನು ಎರಡೂ ಕಡೆ ಒಟ್ಟಿಗೇ ಕೈ ಹಾಕಿದ್ರೆ ಏನು ಗೊತ್ತಾಗುತ್ತೆ? ಮೊದ್ಲು ಮಧ್ಯದ ಕಂಬ ಹತ್ತಿ ನೋಡು.”

ಫೋನಿಟ್ಟ ಮೇಲೆ ಹೊಳೆಯಿತು. ನಾನು ಬರೆದ ಸರ್ವರನ್ನು ನಾನು ಬರೆದ ಕ್ಲೈಂಟಿನಿಂದಲೇ ಪರೀಕ್ಷಿಸುತ್ತಿದ್ದೆ. ಎರಡೂ ಅನುಮಾನದವೇ. ಒಂದು ಕಡೆಗೆ ನಂಬಿಕಸ್ಥರನ್ನು ನಿಲ್ಲಿಸಬೇಕು.

ಅಂಥ ಇಬ್ಬರು ನಂಬಿಕಸ್ಥರು ಲಿನಕ್ಸ್‌ನಲ್ಲಿ ಸಿಗುತ್ತಾರೆ. ಒಂದು ‘ಕರ್ಲ್’. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬವರು 1998ರಲ್ಲಿ ಈ ಹೆಸರಿನಲ್ಲಿ ಹೊರತಂದ ಇದು ತಪ್ಪದೆ ನಡೆದುಕೊಳ್ಳುವ ಕ್ಲೈಂಟ್. ಇನ್ನೊಂದು ‘ನೆಟ್‌ಕ್ಯಾಟ್’. ಬಂದವರು ಏನು ಹೇಳಿದರೋ ಅದನ್ನು ಇದ್ದಂತೆಯೇ ತೋರಿಸುವ ಮುಗ್ಧ. ಕರ್ಲ್ ಹಾಕಿದರೆ ಸರ್ವರ್ ಕಡೆಯ ಅರ್ಧ ಪರೀಕ್ಷೆಯಾಗುತ್ತದೆ, ನೆಟ್‌ಕ್ಯಾಟನ್ನು ಸರ್ವರ್ ಜಾಗದಲ್ಲಿ ಕೂರಿಸಿದರೆ ಕ್ಲೈಂಟ್ ಕಡೆಯ ಅರ್ಧ.

ಕರ್ಲ್‌ಗೆ 8081 ಕೊಟ್ಟೆ. ತಕ್ಷಣ ನನ್ನ ಸರ್ವರ್ ‘ಹೆಲೋ’ ಎಂದಿತು! ಅಂದರೆ ಈ ಅರ್ಧ ಸರಿ ಇದೆ. ನೆಟ್‌ಕ್ಯಾಟನ್ನು ನನ್ನ ಕ್ಲೈಂಟ್ ಹುಡುಕುವ 8080ರಲ್ಲಿ ಕೂರಿಸಲು ಹೋದೆ. ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’. ಅಲ್ಲಿ ಯಾರೋ ಆಗಲೇ ಕೂತಿದ್ದಾರೆ. ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಎಂದು ತೋರಿಸುವ ‘ಎಸ್‌ಎಸ್’ ಎಂಬ ಕಮಾಂಡ್ ಇದೆ. ಕೊಟ್ಟು ನೋಡಿದರೆ 8080ರ ಎದುರು ಪೈಥಾನ್ ಎಂದಿತ್ತು. ನಿನ್ನೆಯ ನನ್ನದೇ ಹಳೇ ಸರ್ವರ್!

ಕಂಟ್ರೋಲ್ ಝಡ್ ಪ್ರೋಗ್ರಾಮನ್ನು ಮುಗಿಸುವುದಿಲ್ಲ, ಇದ್ದಲ್ಲೇ ಸ್ತಬ್ಧಗೊಳಿಸುತ್ತದೆ ಅಷ್ಟೇ. ಮುಗಿಸಬೇಕಾದರೆ ಕಂಟ್ರೋಲ್ ಸಿ. ನನ್ನ ಹಳೇ ಸರ್ವರ್ ಶಟರ್ ಎತ್ತಿದ ಕೌಂಟರಿನಲ್ಲೇ ನಿದ್ದೆಹೋಗಿತ್ತು. ಜವಾನ ನನ್ನ ಕ್ಲೈಂಟನ್ನು ಪಾಪ ಬೆಂಚಿನ ಮೇಲೆ ಕೂರಿಸುತ್ತಲೇ ಇದ್ದ. ನಾನು ಪ್ರಿಂಟ್ ಮೇಲೆ ಪ್ರಿಂಟ್ ಹಾಕುತ್ತಿದ್ದದ್ದು ಪಕ್ಕದ 8081ರ ಕೌಂಟರಿಗೆ. ಮಲಗಿದ್ದವನನ್ನು ಮುಂದಕ್ಕೆ ಕರೆದು ಕಂಟ್ರೋಲ್ ಸಿ ಒತ್ತಿದೆ. ‘ಏನೋ ಇರಬೇಕು’ ಎಂದು ಎರರ್ ಮೆಸೇಜನ್ನು ದಾಟಿ ಹೋದದ್ದಕ್ಕೆ ಬಿದ್ದ ದಂಡ ಒಂದು ರಾತ್ರಿಯ ನಿದ್ದೆ.

ಇದೇ ಮೆಸೇಜ್ ಬೇರೆ ಕಾರಣಕ್ಕೂ ಬರುತ್ತದೆ. ಸರ್ವರನ್ನು ಸರಿಯಾಗಿಯೇ ನಿಲ್ಲಿಸಿ ತಕ್ಷಣ ಮತ್ತೆ ಓಡಿಸಿದರೂ ಕೆಲವೊಮ್ಮೆ ಪೋರ್ಟ್ ಸಿಗುವುದಿಲ್ಲ. ಮುಗಿದ ಸಂಪರ್ಕದ ತಡವಾಗಿ ಬರುವ ತುಣುಕುಗಳು ಹೊಸದರೊಳಗೆ ಸೇರದಿರಲಿ ಎಂದು ಆಪರೇಟಿಂಗ್ ಸಿಸ್ಟಂ ಸ್ವಲ್ಪ ಹೊತ್ತು ಕಾಯುತ್ತದೆ. ಲಿನಕ್ಸ್‌ನಲ್ಲಿ ಇದು 60 ಸೆಕೆಂಡ್. ಬೈಂಡ್ ಮಾಡುವ ಮೊದಲು ‘ರೀಯೂಸ್ ಅಡ್ರೆಸ್’ ಎಂಬ ಆಯ್ಕೆಯನ್ನು ಹಾಕಿದರೆ ಈ ಕಾಟ ತಪ್ಪುತ್ತದೆ. ಆದರೆ ನನ್ನಂತೆ ಹಳೇ ಸರ್ವರ್ ಜೀವಂತ ಇದ್ದರೆ ಆ ಆಯ್ಕೆಯೂ ಕಾಪಾಡುವುದಿಲ್ಲ.

ನೀವು ಮೊದಲು, ಇಲ್ಲ ನೀವು ಮೊದಲು

ಕ್ಲೈಂಟ್ ಈಗ ಸರಿಯಾದ ಕೌಂಟರಿಗೆ ಹೋಯಿತು. ಆದರೂ ಮೌನ! ಈ ಸಲ ಸರ್ವರ್ ‘ಯಾರೋ ಬಂದರು’ ಎಂದು ಪ್ರಿಂಟ್ ಮಾಡಿತು, ಮುಂದೆ ಹೋಗಲಿಲ್ಲ. ಮತ್ತೆ ಮಧ್ಯದ ಕಂಬ. ಸರ್ವರ್ ನಿಲ್ಲಿಸಿ ನೆಟ್‌ಕ್ಯಾಟನ್ನು ಕೂರಿಸಿದೆ. ಅದಕ್ಕೆ ಬಂದ ಮಾತನ್ನು ಬೈಟ್ ಬೈಟಾಗಿ ಬಿಡಿಸಿ ನೋಡಿದೆ. ‘ಗೆಟ್’ ಇದೆ, ‘ಹೋಸ್ಟ್’ ಇದೆ. ಕೊನೆಯ ಖಾಲಿ ಸಾಲು ಇಲ್ಲ.

ಟಿಮ್ ಬರ್ನರ್ಸ್ ಲೀ ವೆಬ್ ಕಟ್ಟಿದ ಮೊದಲ ದಿನಗಳಲ್ಲಿ ಬ್ರೌಸರ್ ಹೇಳುತ್ತಿದ್ದದ್ದು ಒಂದೇ ಸಾಲು, ‘ಗೆಟ್, ಇಂಥ ಪುಟ’. ಆಮೇಲೆ ಹೆಡರ್‌ಗಳು ಬಂದವು. ಹೆಡರ್ ಎಷ್ಟು ಸಾಲು ಇರುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಒಂದು ಖಾಲಿ ಸಾಲು ಬಂದರೆ ‘ನನ್ನ ಮಾತು ಮುಗಿಯಿತು’ ಎಂದರ್ಥ. ಆ ಸಾಲಿನ ಕೊನೆಯೂ ಬರೀ ಎಂಟರ್ ಅಲ್ಲ. 13 ಮತ್ತು 10 ಎಂಬ ಎರಡು ಸಂಕೇತ. ಟೆಲಿಪ್ರಿಂಟರ್ ಕಾಲದ ನೆನಪು ಅದು: ಒಂದು ಅಚ್ಚಿನ ಭಾಗವನ್ನು ಸಾಲಿನ ಆರಂಭಕ್ಕೆ ತರಲು, ಇನ್ನೊಂದು ಕಾಗದವನ್ನು ಒಂದು ಸಾಲು ಮೇಲೆತ್ತಲು. ಯಂತ್ರ ಹೋಯಿತು, ಶಿಷ್ಟಾಚಾರ ಉಳಿಯಿತು.

ನನ್ನ ಕ್ಲೈಂಟ್ ಖಾಲಿ ಸಾಲು ಕಳಿಸಿರಲಿಲ್ಲ. ಸರ್ವರ್ ‘ಇನ್ನೂ ಏನೋ ಹೇಳಲಿದ್ದಾನೆ’ ಎಂದು ಕಾಯುತ್ತಿತ್ತು. ಕ್ಲೈಂಟ್ ‘ಹೇಳಿದ್ದಾಯಿತು, ಉತ್ತರ ಬರಲಿ’ ಎಂದು ಕಾಯುತ್ತಿತ್ತು. ಬಾಗಿಲಲ್ಲಿ ಎದುರಾದ ಇಬ್ಬರು ಬೀಗರು ‘ನೀವು ಮೊದಲು’, ‘ಛೆ ಛೆ, ನೀವು ಮೊದಲು’ ಎನ್ನುತ್ತಾ ನಿಂತರೆ ಇಬ್ಬರ ಊಟವೂ ತಣ್ಣಗಾಗುತ್ತದೆ. ಎರರ್ ಮೆಸೇಜ್ ಬಾರದೆ ಸುಮ್ಮನೆ ನಿಂತ ಸಾಕೆಟ್ ಪ್ರೋಗ್ರಾಂ ಕಂಡರೆ ನಾನು ಈಗ ಕೇಳುವ ಮೊದಲ ಪ್ರಶ್ನೆ ಇದೇ: ಈಗ ಯಾರು ಯಾರಿಗೆ ಕಾಯುತ್ತಿದ್ದಾರೆ?

ಕೊಡಗಳ ಲೆಕ್ಕ ನಲ್ಲಿಗಿಲ್ಲ

ಶನಿವಾರ ಸಂಜೆ ಹೊತ್ತಿಗೆ ‘ಹೆಲೋ’ ಬಂತು. ಕುಣಿದೆ. ಅದರ ಬದಲು ನನ್ನ ಪೂರ್ತಿ ಪರಿಚಯದ ಪುಟ ಹಾಕಿದೆ. ಅರ್ಧಕ್ಕೇ ಕತ್ತರಿಸಿ ಬಂತು. ಓದಿದ ಶಾಲೆ ಬಂತು, ಡಿಗ್ರಿ ಬರಲಿಲ್ಲ!

ಕಾರಣ, ಕ್ಲೈಂಟಿನಲ್ಲಿ ಒಂದೇ ಸಲ ‘ರಿಸೀವ್ 1024’ ಎಂದು ಬರೆದಿದ್ದೆ. ಲ್ಯಾಬ್ ರೆಕಾರ್ಡ್‌ನಲ್ಲೂ ಹಾಗೇ ಇತ್ತು. ‘ಬಂದದ್ದನ್ನೆಲ್ಲ ಕೊಡು’ ಎಂದು ಅದರ ಅರ್ಥವಲ್ಲ. ‘ಈಗ ಇರುವುದರಲ್ಲಿ ಹೆಚ್ಚೆಂದರೆ 1024 ಬೈಟ್ ಕೊಡು’ ಎಂದು. ಹತ್ತೇ ಬೈಟ್ ಕೊಟ್ಟರೂ ಅದು ತಪ್ಪಲ್ಲ.

ಟಿಸಿಪಿ ಒಂದು ಕೊಳವೆ. ಓವರ್‌ಹೆಡ್ ಟ್ಯಾಂಕಿಗೆ ನೀವು ನಾಲ್ಕು ಕೊಡ ನೀರು ಸುರಿದರೆ ಕೆಳಗಿನ ನಲ್ಲಿಯಲ್ಲಿ ಕೊಡ ಕೊಡವಾಗಿ ಬರುವುದಿಲ್ಲ. ನೀರು ಒಂದು ಹನಿಯೂ ತಪ್ಪದೆ, ಸುರಿದ ಕ್ರಮದಲ್ಲೇ ಬರುತ್ತದೆ ಎಂಬ ಭರವಸೆ ಮಾತ್ರ ಇದೆ. ಎಲ್ಲಿ ಮೊದಲ ಕೊಡ ಮುಗಿಯಿತು ಎಂಬ ಗುರುತು ಇಲ್ಲ. ಗುರುತು ಹಾಕುವ ಕೆಲಸ ನಮ್ಮದು. ಆದ್ದರಿಂದ ‘ರಿಸೀವ್’ ಯಾವಾಗಲೂ ಲೂಪ್ ಒಳಗೆ ಇರಬೇಕು.

ಎಲ್ಲಿಯವರೆಗೆ ಲೂಪ್? ಸರ್ವರ್ ಬಾಗಿಲು ಮುಚ್ಚುವವರೆಗೆ ಎನ್ನಬಹುದು. ಆಗ ರಿಸೀವ್ ಖಾಲಿ ಕೈ ತೋರಿಸುತ್ತದೆ. ಆದರೆ ಎಚ್‌ಟಿಟಿಪಿ 1.1ರಲ್ಲಿ ‘ಮುಚ್ಚುತ್ತೇನೆ’ ಎಂದು ಹೇಳದಿದ್ದರೆ ಬಾಗಿಲು ತೆರೆದೇ ಇರುತ್ತದೆ ಎಂಬುದು ರೂಢಿ. ಸರ್ವರ್ ತೆರೆದಿಟ್ಟು, ಕ್ಲೈಂಟ್ ಮುಚ್ಚಲೆಂದು ಕಾದರೆ ಮತ್ತೆ ಬೀಗರ ಕಥೆ. ಅದಕ್ಕೇ ‘ಕಂಟೆಂಟ್ ಲೆಂತ್’ ಎಂಬ ಹೆಡರ್ ಇರುವುದು. ‘ಮುಂದೆ ಇಷ್ಟು ಬೈಟ್ ಬರುತ್ತದೆ, ಎಣಿಸಿಕೋ’ ಎಂದು ಸರ್ವರ್ ಮೊದಲೇ ಹೇಳುತ್ತದೆ. ಎಣಿಸಿ ನಿಲ್ಲುವಂತೆ ಕ್ಲೈಂಟ್ ತಿದ್ದಿದೆ. ಪುಟ ಪೂರ್ತಿ ಬಂತು.

ಕನ್ನಡಕ್ಕೆ ಮಾತ್ರ ಬರುವ ಜ್ವರ

ಭಾನುವಾರ ಎಲ್ಲ ಸರಿಯಾಗಿದೆ ಎಂದು ಎಳನೀರು ಕುಡಿದು ಬಂದೆ. ಪರಿಚಯವೆಲ್ಲ ಇಂಗ್ಲಿಷ್‌ನಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಆಸೆಯಾಯಿತು, ಮೇಲೆ ಒಂದು ‘ನಮಸ್ಕಾರ’ ಹಾಕೋಣ ಎಂದು. ಪುಟವನ್ನೆಲ್ಲ ತೆಗೆದು ಮೊದಲು ಆ ಒಂದು ಪದವನ್ನೇ ಇಟ್ಟು ನೋಡಿದೆ. ಬ್ರೌಸರ್‌ನಲ್ಲಿ ‘ನಮ’ ಎಂದು ಬಂದು, ಪಕ್ಕದಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ. ನನ್ನ ಕ್ಲೈಂಟ್ ಅಂತೂ ‘ಯೂನಿಕೋಡ್ ಡಿಕೋಡ್ ಎರರ್’ ಎಂದು ಕಿರುಚಿ ಬಿದ್ದುಹೋಯಿತು.

ಇಂಗ್ಲಿಷ್‌ಗೆ ಇಲ್ಲದ ಕಾಯಿಲೆ ಕನ್ನಡಕ್ಕೆ ಯಾಕೆ? ಕಾಗದದ ಮೇಲೆ ಲೆಕ್ಕ ಹಾಕಿದೆ. ನಮಗೆ ‘ನಮಸ್ಕಾರ’ ನಾಲ್ಕು ಅಕ್ಷರ. ಯೂನಿಕೋಡ್‌ಗೆ ಅದು ಏಳು ಸಂಕೇತ: ನ, ಮ, ಸ, ವಿರಾಮದ ಗುರುತು, ಕ, ಆಕಾರದ ಗುರುತು, ರ. ಕಳಿಸುವಾಗ ಬಳಸುವ ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಒಟ್ಟು 21. ಪೈಥಾನ್‌ನಲ್ಲಿ ಪದದ ಉದ್ದ ಕೇಳಿದರೆ 7 ಎನ್ನುತ್ತದೆ. ನಾನು ಕಂಟೆಂಟ್ ಲೆಂತ್ 7 ಎಂದು ಬರೆದು, ಕಳಿಸಿದ್ದು 21 ಬೈಟ್. ಬ್ರೌಸರ್ ನಿಯತ್ತಾಗಿ ಏಳು ಎಣಿಸಿತು: ‘ನ’ಗೆ ಮೂರು, ‘ಮ’ಗೆ ಮೂರು, ‘ಸ’ದ ಮೊದಲ ಒಂದು ಬೈಟ್. ಅಕ್ಷರ ಒಡೆಯಿತು. ಇಂಗ್ಲಿಷ್‌ನ ಹೆಲೋಗೆ ಐದು ಅಕ್ಷರ, ಐದೇ ಬೈಟ್. ತಪ್ಪು ಮೊದಲಿನಿಂದಲೂ ಇತ್ತು, ಇಂಗ್ಲಿಷ್ ಅದನ್ನು ಮುಚ್ಚಿಟ್ಟಿತ್ತು. ಕನ್ನಡ ಬಯಲು ಮಾಡಿತು.

ಮದ್ದು ಒಂದು ಸಾಲು: ಮೊದಲು ಪದವನ್ನು ಬೈಟ್‌ಗೆ ಬದಲಿಸಿ, ಆಮೇಲೆ ಎಣಿಸಿ. ಜೊತೆಗೆ ‘ಈ ಪುಟ ಯುಟಿಎಫ್ 8ರಲ್ಲಿದೆ’ ಎಂದು ಹೆಡರ್‌ನಲ್ಲಿ ಹೇಳಿ. ಕ್ಲೈಂಟ್ ಕಡೆ ಇನ್ನೊಂದು ಎಚ್ಚರ ಬೇಕು. 1024ರ ತುಂಡು ಅಕ್ಷರದ ಮಧ್ಯಕ್ಕೇ ಬೀಳಬಹುದು. ಆದ್ದರಿಂದ ತುಂಡು ಬಂದಂತೆಲ್ಲ ಅಕ್ಷರ ಮಾಡಲು ಹೋಗದೆ, ಬೈಟ್‌ಗಳನ್ನೆಲ್ಲ ಕೂಡಿಸಿಕೊಂಡು ಕೊನೆಯಲ್ಲಿ ಒಮ್ಮೆ ಬಿಡಿಸಬೇಕು. ರಾತ್ರಿ ಪುಟದ ಮೇಲೆ ಪೂರ್ತಿ ‘ನಮಸ್ಕಾರ’ ಬಂದಾಗ ಮಲಗಿದ್ದ ಗೆಳೆಯನನ್ನು ಎಬ್ಬಿಸಿ ತೋರಿಸಿದೆ. “ಇಷ್ಟಕ್ಕೆ ಮೂರು ದಿನ ಬೇಕಾಯ್ತೇನೋ ಮಾರಾಯ” ಎಂದು ಮಗ್ಗುಲು ಬದಲಿಸಿದ.

ಅವನ ಫೋನಿನಲ್ಲಿ ತೆರೆಯಲು ಹೋದೆ, ಆಗಲಿಲ್ಲ. ಈ ಸಲ ಅರ್ಧ ನಿಮಿಷದಲ್ಲಿ ಸಿಕ್ಕಿತು. ಸರ್ವರನ್ನು 127.0.0.1ಕ್ಕೆ ಬೈಂಡ್ ಮಾಡಿದ್ದೆ. ಅದು ‘ಮನೆಯವರಿಗೆ ಮಾತ್ರ’ ಎಂಬ ಬಾಗಿಲು, ಆ ಲ್ಯಾಪ್‌ಟಾಪಿನ ಒಳಗಿನವರಿಗಷ್ಟೇ. 0.0.0.0 ಎಂದು ಬದಲಿಸಿ, ಫೋನಿನಲ್ಲಿ ಲ್ಯಾಪ್‌ಟಾಪಿನ ವೈಫೈ ವಿಳಾಸ ಕೊಟ್ಟಾಗ ತೆರೆಯಿತು.

ಸೋಮವಾರ

ಇಂಟರ್‌ವ್ಯೂನಲ್ಲಿ ಅವರ ಲ್ಯಾಪ್‌ಟಾಪಿನಲ್ಲೇ ಓಡಿಸಲು ಹೇಳಿದರು. ನನ್ನ ಕ್ಲೈಂಟ್ ಚೆನ್ನಾಗಿ ನಡೆಯಿತು. “ಬ್ರೌಸರ್‌ನಲ್ಲಿ ನೋಡೋಣ” ಎಂದು ಅವರು ಕ್ರೋಮ್ ತೆರೆದರು. ಚಕ್ರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ರೂಮಿನಲ್ಲಿ ನಾನು ಬಳಸಿದ್ದು ಫೈರ್‌ಫಾಕ್ಸ್. ಕೈ ಬೆವರಿತು.

“ಏನಾಯ್ತು?” ಎಂದರು.

ಹಿಂದಿನ ವಾರದ ನಾನಾಗಿದ್ದರೆ ‘ರೂಮಲ್ಲಿ ಬರ್ತಿತ್ತು ಸರ್’ ಎಂದು ಹೇಳಿ ಎದ್ದು ಬರುತ್ತಿದ್ದೆ. “ಒಂದ್ನಿಮಿಷ ಸರ್, ನೋಡ್ತೀನಿ” ಎಂದೆ. ಸರ್ವರ್‌ನ ಕಿಟಕಿಯಲ್ಲಿ ‘ಯಾರೋ ಬಂದರು’ ಎಂಬ ಸಾಲಿತ್ತು, ‘ಕೇಳಿದರು’ ಎಂಬ ಸಾಲು ಇರಲಿಲ್ಲ. ಅಂದರೆ ಬಂದವನು ಮಾತೇ ಆಡುತ್ತಿಲ್ಲ, ನನ್ನ ಸರ್ವರ್ ಅವನ ಬಾಯನ್ನೇ ನೋಡುತ್ತಾ ಕೂತಿದೆ. ಎಸ್‌ಎಸ್ ಕೊಟ್ಟು ನೋಡಿದರೆ ಕ್ರೋಮ್‌ನಿಂದ ಒಂದಲ್ಲ, ಎರಡು ಸಂಪರ್ಕ ಬಂದಿತ್ತು. ಮುಂದೆ ಬೇಕಾದೀತು ಎಂದು ಕ್ರೋಮ್ ಕೆಲವೊಮ್ಮೆ ಒಂದು ಖಾಲಿ ಸಂಪರ್ಕವನ್ನೂ ಮುಂಚೆಯೇ ತೆಗೆದಿಡುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ. ಒಬ್ಬರನ್ನು ಪೂರ್ತಿ ಮುಗಿಸಿಯೇ ಇನ್ನೊಬ್ಬರನ್ನು ಕರೆಯುವ ನನ್ನ ಸರ್ವರ್ ಟವೆಲನ್ನು ಮನುಷ್ಯನೆಂದು ತಿಳಿದು ಕಾಯುತ್ತಿತ್ತು. ನಿಜವಾದ ಗಿರಾಕಿ ಹಿಂದೆ ಬೆಂಚಿನ ಮೇಲಿದ್ದ.

ಅಷ್ಟನ್ನೂ ಅವರಿಗೆ ಬಾಯಲ್ಲಿ ಹೇಳಿದೆ. ಬಂದ ಪ್ರತಿ ಸಂಪರ್ಕಕ್ಕೂ ಬೇರೆ ಥ್ರೆಡ್ ಕೊಟ್ಟರೆ ಒಬ್ಬರ ಮೌನ ಇನ್ನೊಬ್ಬರನ್ನು ತಡೆಯುವುದಿಲ್ಲ, ಮಾತಾಡದೇ ಕೂತವರಿಗೆ ಟೈಮ್‌ಔಟ್ ಹಾಕಬೇಕು ಎಂದೆ. ಅವರ ಎದುರಿಗೇ ನಾಲ್ಕೈದು ಸಾಲು ತಿದ್ದಿದೆ. ಕ್ರೋಮ್ ‘ನಮಸ್ಕಾರ’ ಎಂದಿತು. ಅವರು ಕೋಡ್ ನೋಡಲಿಲ್ಲ. “ಎರಡು ಸಂಪರ್ಕ ಇದೆ ಅಂತ ಹೇಗೆ ಅನುಮಾನ ಬಂತು?” ಎಂದಷ್ಟೇ ಕೇಳಿದರು. ಮಧ್ಯದ ಕಂಬದ ಕಥೆ ಹೇಳಿದೆ.

ಕೆಲಸ ಸಿಕ್ಕಿತಾ ಎಂದು ಕೇಳುತ್ತೀರಿ. ಅಲ್ಲಿ ಇಲ್ಲ. ಆ ಹುದ್ದೆಯನ್ನೇ ಸದ್ಯಕ್ಕೆ ತಡೆಹಿಡಿದರು ಎಂದು ಎರಡು ವಾರದ ಮೇಲೆ ಮೇಲ್ ಬಂತು. ಒಂದು ದಿನ ಊಟ ಸೇರಲಿಲ್ಲ. ಆದರೆ ಆ ಮೂರು ದಿನದ ನೋಟ್‌ಬುಕ್ ನನ್ನಲ್ಲಿತ್ತು. ಮೂರು ತಿಂಗಳ ನಂತರ ಇನ್ನೊಂದು ಕಡೆ, ಸರ್ವರ್‌ಗಳನ್ನು ನೋಡಿಕೊಳ್ಳುವ ಸಪೋರ್ಟ್ ತಂಡದ ಇಂಟರ್‌ವ್ಯೂನಲ್ಲಿ “ವೆಬ್‌ಸೈಟ್ ತೆರೀತಿಲ್ಲ ಅಂತ ಫೋನ್ ಬಂದ್ರೆ ಮೊದಲು ಏನು ಮಾಡ್ತೀರಿ?” ಎಂದು ಕೇಳಿದರು. ನೋಟ್‌ಬುಕ್‌ನ ಮೊದಲ ಪುಟವನ್ನೇ ಹೇಳಿದೆ. ಈಗ ಅಲ್ಲೇ ಇದ್ದೇನೆ. ರಾತ್ರಿ ಪಾಳಿ ಜಾಸ್ತಿ, ಸಂಬಳ ಸಾಧಾರಣ, ಬಾಡಿಗೆ ನನ್ನದೇ.

ಆ ಮೊದಲ ಪುಟ ನಿಮಗೂ ಇರಲಿ:

‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಕಟ್ಟಡ ಸಿಕ್ಕಿದೆ, ಆ ಕೌಂಟರಿನಲ್ಲಿ ಯಾರೂ ಇಲ್ಲ. ಸರ್ವರ್ ಓಡುತ್ತಿದೆಯಾ, ಪೋರ್ಟ್ ಒಂದೇನಾ, 127.0.0.1ಕ್ಕೆ ಕಟ್ಟಿಹಾಕಿದ್ದೀರಾ ನೋಡಿ.

‘ಟೈಮ್‌ಔಟ್’ ಎಂದರೆ ‘ಇಲ್ಲ’ ಎಂದು ಹೇಳುವವರೂ ಸಿಗಲಿಲ್ಲ. ವಿಳಾಸ ತಪ್ಪಿರಬಹುದು, ಇಲ್ಲವೇ ಫೈರ್‌ವಾಲ್ ಸದ್ದಿಲ್ಲದೆ ತಡೆಯುತ್ತಿರಬಹುದು.

‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದರೆ ಪೋರ್ಟ್ ಬದಲಿಸುವ ಮೊದಲು ಅಲ್ಲಿ ಕೂತವರು ಯಾರು ಎಂದು ಕೇಳಿ.

ಸಂಪರ್ಕ ಆಗಿ ಮೌನವಾದರೆ ಯಾರು ಯಾರಿಗೆ ಕಾಯುತ್ತಿದ್ದಾರೆ ನೋಡಿ. ಖಾಲಿ ಸಾಲು ಹೋಗಿದೆಯಾ?

ಅರ್ಧ ಬಂದರೆ ರಿಸೀವ್ ಲೂಪ್‌ನಲ್ಲಿದೆಯಾ, ಎಣಿಸಿದ್ದು ಬೈಟಾ ಅಕ್ಷರವಾ ನೋಡಿ. ಪರೀಕ್ಷೆಗೆ ಒಂದು ಕನ್ನಡ ಪದ ಇಟ್ಟೇ ನೋಡಿ.

ಮೊನ್ನೆ ರಾತ್ರಿ ಪಾಳಿಯಲ್ಲಿದ್ದಾಗ ಅಪ್ಪನ ಫೋನ್ ಬಂತು. ಮಳೆಗೆ ಲೈನ್ ಹೋಗಿ, ಸರಿ ಮಾಡಿ ಆಗಷ್ಟೇ ಮನೆಗೆ ಬಂದಿದ್ದರಂತೆ. “ನಿಂದೇನಪ್ಪ, ಎಚ್ಚರ ಇದೀಯಾ?” ಎಂದರು. ಇಲ್ಲೂ ಒಂದು ಲೈನ್ ಹೋಗಿದೆ, ಹುಡುಕುತ್ತಿದ್ದೇನೆ ಎಂದೆ. “ಸರಿ ಹುಡುಕು, ಇಡ್ತೀನಿ” ಎಂದು ಫೋನಿಟ್ಟರು. ಲೈನ್ ಹುಡುಕುವವನನ್ನು ಮಾತಾಡಿಸುತ್ತಾ ಕೂರಬಾರದು ಎಂದು ಅವರಿಗೆ ಗೊತ್ತು.